ವೇಬ್ರಿಡ್ಜ್ ಕೋಣೆಯ ಹಳೆಯ ಪ್ರೋಗ್ರಾಂ

"ನೀವು ಇಲ್ಲೀತನ ಒಟ್ಟು ಎಷ್ಟು ಸಾಲು ಕೋಡ್ ಬರದಿರಬಹುದ್ರಿ?" ಎಂದು ಕುರುಗೋಡಿನ ಮಲ್ಲಿಕಾರ್ಜುನಪ್ಪನವರನ್ನು ಕೇಳಿದೆ. ನಾವಿಬ್ಬರೂ ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ವೇಬ್ರಿಡ್ಜ್ ಕೋಣೆಯಲ್ಲಿದ್ದೆವು. ಭತ್ತದ ಲಾರಿಗಳನ್ನು ತೂಗುವ ಅಲ್ಲಿನ ಹಳೆಯ ಪ್ರೋಗ್ರಾಂ ಅವರು ಬರೆದದ್ದು. ಅದನ್ನು ತೆಗೆದು ಹೊಸದು ಹಾಕಲು ನಾನು ಬಳ್ಳಾರಿಯಿಂದ ಹೋಗಿದ್ದೆ. ಹಳೆಯ ದಾಖಲೆಗಳಿರುವ ಜಾಗ ತೋರಿಸಲೆಂದು ಗಿರಣಿಯವರು ಅವರನ್ನೂ ಕರೆಸಿದ್ದರು.

ದಾಖಲೆಗಳು ಕಾಪಿ ಆಗುವವರೆಗೆ ಇಬ್ಬರಿಗೂ ಕೆಲಸವಿರಲಿಲ್ಲ. ಈ ಕಸುಬಿನಲ್ಲಿ ನನಗೆ ಇಪ್ಪತ್ತಾರು ವರ್ಷ. ನಾಲ್ಕು ಲಕ್ಷ ಸಾಲಾದರೂ ಬರೆದಿದ್ದೇನೆಂದು ನಾನಾಗಿಯೇ ಹೇಳಿಕೊಂಡಿದ್ದೆ. ಅವರದು ಮೂವತ್ತನಾಲ್ಕು ವರ್ಷ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ನಿಮಗಿಂತ ಹೆಚ್ಚ ಇರಬೇಕ್ರಿ. ಆದ್ರ ಅದರಾಗ ಈಗ ನಡಿಯೋದು ಇದೊಂದ ಉಳದೈತಿ."

ಹೊಸದೆಲ್ಲ ಸಿದ್ಧವಾದ ಮೇಲೂ ಹಳೆಯದನ್ನು ನಿಲ್ಲಿಸಲು ನನಗೆ ಕೈ ಬರಲಿಲ್ಲ. ಕಡೆಗೆ ಅವರೇ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕುಳಿತರು. ಹೊರಗೆ ತೂಕಕ್ಕೆ ನಿಂತಿದ್ದ ಹಚ್ಚೊಳ್ಳಿಯ ಲಾರಿಯ ಚೀಟಿ ಬರುವವರೆಗೆ ಕಾದು, ಅದನ್ನು ಚಾಲಕನ ಕೈಗೆ ಕೊಟ್ಟು, ಪ್ರೋಗ್ರಾಂ ಬಂದ್ ಮಾಡಿದರು. ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದರು.

ಈಗ ಎಲ್ಲೇ ಹಳೆಯ ಪ್ರೋಗ್ರಾಂ ತೆಗೆಯಲು ಹೋದರೂ, ಅದನ್ನು ಬರೆದವರನ್ನು ಹುಡುಕಿ ಮೊದಲು ಒಂದು ಫೋನ್ ಮಾಡುತ್ತೇನೆ. ಒಬ್ಬಿಬ್ಬರು ಬಂದು ನೋಡಿ ಹೋಗಿದ್ದಾರೆ. ಉಳಿದವರು, "ಅದಿನ್ನೂ ನಡೀತಿತ್ತೇನ್ರಿ?" ಎಂದು ಕೇಳುತ್ತಾರೆ.