ಎಡಗಿವಿಯಲ್ಲಿ ಎರಡು ಗಿಟಾರು

ಹೋದ ವರ್ಷವೆಲ್ಲ ನಾನು ಹೊಸ ಹಾಡುಗಳನ್ನು ಬೈದುಕೊಂಡು ತಿರುಗಿದೆ. ‘ಹೋದ ವರ್ಷ’ ಎಂದು ಬರೆದೆ, ಒಂದೂವರೆ ವರ್ಷವೂ ಆಗಿರಬಹುದು. ಅದು ಯಾವಾಗ ಶುರುವಾಯಿತು ಎಂದು ನನಗೆ ಗೊತ್ತಿಲ್ಲ. ಗೊತ್ತಿದ್ದಂತೆ ಬರೆಯಲಾರೆ.

ಸಂಶಿಯಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ಜೊತೆಗೆ ಕಥೆಗಳನ್ನೂ ಬರೆಯುತ್ತೇನೆ. ಗಿರಾಕಿ ಇಲ್ಲದಾಗ ಕಿವಿಗೆ ವೈರು ಸಿಕ್ಕಿಸಿಕೊಂಡು ರಾಕ್ ಕೇಳುತ್ತೇನೆ. ಹೆಚ್ಚಾಗಿ ಇಂಡೀ ಬ್ಯಾಂಡುಗಳು, ಅಂದರೆ ದೊಡ್ಡ ಕಂಪನಿಯ ಹಂಗಿಲ್ಲದೆ ಮೂರು ನಾಲ್ಕು ಮಂದಿ ಸೇರಿ ತಾವೇ ಹಾಡಿ, ತಾವೇ ರೆಕಾರ್ಡ್ ಮಾಡಿ ಬಿಡುವಂಥವು. ಕುಬಿಹಾಳದ ಹಿರಿಯ ರೈತರೊಬ್ಬರು ನಾನು ಮೆಣಸಿನಕಾಯಿ ಧಾರಣೆ ಕೇಳುತ್ತಿದ್ದೇನೆಂದೇ ತಿಳಿದಿದ್ದರು. ಡ್ರಮ್ಮಿಗೆ ನಾನು ತಲೆಯಾಡಿಸಿದ ದಿನ ದರ ಏರಿದೆ ಎಂದುಕೊಂಡು ಖುಷಿಯಿಂದ ಎದ್ದು ಹೋಗುತ್ತಿದ್ದರು.

ಆ ದಿನಗಳಲ್ಲಿ ಹಳೆಯ ಹಾಡುಗಳು ನನಗೆ ತುಂಬಿಕೊಂಡು ಕೇಳಿಸುತ್ತಿದ್ದವು, ಹೊಸವು ಬಡಕಲಾಗಿ. ಒಂದು ಬ್ಯಾಂಡಿನಲ್ಲಿ ಬರೀ ದನಿ, ಇನ್ನೊಂದರಲ್ಲಿ ಬರೀ ತಾಳ. ನಡುವೆ ಖಾಲಿ ಜಾಗ. ಹೊಸಬರಿಗೆ ಹಾಡು ಕಟ್ಟಲು ಬರುವುದಿಲ್ಲ ಎಂದು ತೀರ್ಮಾನಿಸಿದೆ. ಅದರ ಮೇಲೆ ಒಂದು ಲೇಖನವನ್ನೂ ಬರೆದಿಟ್ಟೆ. ‘ನಮ್ಮ ಕಾಲದಲ್ಲಿ’ ಎನ್ನುವವರನ್ನು ಜೀವನಪೂರ್ತಿ ಗೇಲಿ ಮಾಡಿದವನು ನಾನು. ಮೂವತ್ತು ವರ್ಷ ವಾರಕ್ಕೊಂದಾದರೂ ಹೊಸ ಹಾಡು ಹುಡುಕಿದ್ದೇನೆ, ಮದುವೆಯ ವಾರದಲ್ಲೂ. ಆ ಹುಡುಕಾಟ ಇನ್ನು ಸಾಕು ಎನ್ನಿಸತೊಡಗಿತ್ತು. ಅದು ನಿಂತರೆ ನನ್ನೊಳಗೆ ಇನ್ನೇನು ನಿಲ್ಲುತ್ತದೋ ಎಂಬ ಹೆದರಿಕೆಯೂ ಇತ್ತು.

ಯಮನೂರಿನ ದರ್ಗಾಕ್ಕೆ ಹೆಂಡತಿಯ ಜೊತೆ ಹೊರಟಿದ್ದೆ. ಬಸ್ಸಿನಲ್ಲಿ ಅವಳಿಗೆ ಬೇಸರವಾಗಿ ಇಯರ್‌ಫೋನಿನ ಒಂದು ತುದಿ ಕೇಳಿದಳು. ಎಡದ್ದು ನನ್ನ ಕಿವಿಯಲ್ಲಿ, ಬಲದ್ದು ಅವಳ ಕಿವಿಯಲ್ಲಿ. ಈಶಾನ್ಯದ ಗುಡ್ಡಗಾಡಿನ ಮೂವರ ಬ್ಯಾಂಡು. ಹೊಸಬರಿಗೆ ಕೊಡಬಹುದಾದ ಕೊನೆಯ ಅವಕಾಶ ಎಂಬಂತೆ ಹಚ್ಚಿದ್ದೆ.

ಸ್ವಲ್ಪ ಹೊತ್ತಾದ ಮೇಲೆ ಅವಳು, “ಇವ್ರು ಹಾಡೂದು ಯಾವಾಗ್ರಿ? ಬರೇ ಬಾರ್ಸಾಕತ್ತಾರ” ಎಂದಳು.

ಹಾಡುವವನು ಆಗಲೇ ಎರಡು ಚರಣ ಹಾಡಿ ಮುಗಿಸಿದ್ದ.

“ಗಿಟಾರ ಮಾತ್ರ ಅಗದಿ ಚಂದ ಐತಿ” ಎಂದಳು.

ನನಗೆ ಕೇಳುತ್ತಿದ್ದ ಹಾಡಿನಲ್ಲಿ ಗಿಟಾರೇ ಇರಲಿಲ್ಲ. ಅವಳ ತುದಿಯನ್ನು ತೆಗೆದು ನನ್ನ ಬಲಗಿವಿಗೆ ಇಟ್ಟುಕೊಂಡೆ. ಏನೂ ಇಲ್ಲ. ವೈರು ಕೆಟ್ಟಿದೆ ಎಂದೆ. ಅವಳು ಎರಡೂ ತುದಿಗಳನ್ನು ತನ್ನ ಕಿವಿಗೆ ಹಾಕಿಕೊಂಡು ಒಂದು ನಿಮಿಷ ಸುಮ್ಮನೆ ಕೇಳಿದಳು.

“ವೈರ ಚಲೋ ಐತ್ರಿ. ನಿಮ್ಮ ಕಿವಿ ತೋರಸ್ಕೋರಿ.”

ಇದು ಹೋಗುವಾಗ ನಡೆಯಿತೆಂದು ನನ್ನ ನೆನಪು. ಬರುವಾಗ ಎಂದು ಅವಳು ಹೇಳುತ್ತಾಳೆ. ತಾನು ಇಯರ್‌ಫೋನು ಕೇಳಲೇ ಇಲ್ಲ, ನಾನೇ ಬಲವಂತವಾಗಿ ಸಿಕ್ಕಿಸಿದೆ ಎಂದೂ ಹೇಳುತ್ತಾಳೆ. ಅವಳದೇ ಸರಿಯಿರಬಹುದು. ಬಲಕ್ಕೆ ನಿಂತು ಕರೆದರೆ ನಾನು ಓಗೊಡದೆ ಬಹಳ ದಿನವಾಗಿತ್ತಂತೆ. ಕಥೆ ಯೋಚಿಸುತ್ತಿದ್ದೇನೆ ಎಂದುಕೊಂಡು ಸುಮ್ಮನಿದ್ದಳಂತೆ.

ಹುಬ್ಬಳ್ಳಿಯ ವೈದ್ಯರು ಪರೀಕ್ಷೆ ಮಾಡಿ, ಬಲಗಿವಿಯ ನರ ಸತ್ತಿದೆ, ಕಿವಿಯ ಮಷೀನು ಹಾಕಿದರೂ ಕೇಳಿಸುವುದಿಲ್ಲ ಎಂದರು. ಎಡಗಿವಿ ಚೆನ್ನಾಗಿದೆಯಂತೆ.

ವಾಪಸು ಬರುವಾಗ ಕಿವಿಗಿಂತ ಹೆಚ್ಚಾಗಿ ಹಾಡುಗಳ ಚಿಂತೆ ಹತ್ತಿತು. ರೆಕಾರ್ಡಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಹಂಚಿರುತ್ತಾರೆ. ಅರ್ಧ ನನಗೆ ಬರುತ್ತಲೇ ಇರಲಿಲ್ಲ. ಹಾಗಾದರೆ ಹಳೆಯ ಹಾಡುಗಳು ತುಂಬಿದಂತೆ ಕೇಳಿಸಿದ್ದು ಹೇಗೆ? ಬಲಗಡೆಯ ಗಿಟಾರನ್ನು ನೆನಪು ಬಾರಿಸುತ್ತಿತ್ತು. ಇಪ್ಪತ್ತು ವರ್ಷ ಕೇಳಿದ ಹಾಡು, ಅದಕ್ಕೆ ಎಲ್ಲವೂ ಬಾಯಿಪಾಠ. ಹೊಸ ಹಾಡುಗಳಿಗೆ ಆ ಸಹಾಯ ಇರಲಿಲ್ಲ. ನೆನಪನ್ನು ನಂಬಬೇಡಿ ಎಂದು ಬರೆದುಕೊಂಡೇ ಬಂದವನು ಅದು ಬಾರಿಸಿದ್ದಕ್ಕೆಲ್ಲ ತಲೆಯಾಡಿಸಿ, ಪಾಪ, ಗುಡ್ಡಗಾಡಿನ ಆ ಮೂವರನ್ನು ಬೈದಿದ್ದೆ.

ನಮ್ಮ ಅಂಗಡಿಯಿಂದ ಎರಡನೆಯದು ಮೈಕ್ ಸೆಟ್ ಬಾಡಿಗೆ ಕೊಡುವ ಚಾಚಾ ಅವರದು. ಮದುವೆ, ಉರುಸು, ಪುರಾಣ, ಯಾವುದಕ್ಕೂ ಅವರದೇ ಹಾರ್ನು. ಅವರಿಗೆ ಎಲ್ಲ ಹೇಳಿದೆ. ಅಯ್ಯೋ ಅನ್ನಲಿಲ್ಲ. ಕನ್ನಡಕ ಏರಿಸಿ ನನ್ನ ವೈರು ನೋಡಿದರು.

“ಎರಡು ಕಡಿ ಬ್ಯಾರೆ ಬ್ಯಾರೆ ಬಿಟ್ರ ನಮ್ಮ ಧಂದೆ ನಡೀತದೇನ್ರಿ? ಪೆಂಡಾಲದ ಈ ಬಾಜು ಕುಂತಾವಗ ಬರೇ ಪೇಟಿ, ಆ ಬಾಜು ಕುಂತಾವಗ ಬರೇ ತಬಲಾ ಕೇಳಿಸಿದ್ರ ಮಂದಿ ನನ್ನ ಹೊಡೀತಾರ. ಹಾರ್ನ್ ಎಷ್ಟರ ಇರ್ಲಿ, ಎಲ್ಲಾದ್ರಾಗೂ ಪೂರಾ ಹಾಡು ಬರಬೇಕು.”

ವೈರು ಕತ್ತರಿಸಿದರು. ಎರಡು ಬದಿಗಳಿಗೂ ಒಂದೊಂದು ಸಣ್ಣ ರೆಸಿಸ್ಟರ್ ಹಾಕಿ, ಎರಡನ್ನೂ ಕೂಡಿಸಿ ಎಡಗಡೆಯ ತುದಿಗೆ ಬೆಸುಗೆ ಹಾಕಿದರು. ನನ್ನ ಕಿವಿಗೆ ಕೊಡುವ ಮುಂಚೆ ಹಾಡು ಎಂಥದೆಂದು ತಾವು ಕೇಳಬೇಕಲ್ಲ, ಫೋನನ್ನು ಮೈಕ್ ಸೆಟ್ಟಿನ ಮಷೀನಿಗೆ ಹಚ್ಚಿಯೇ ಬಿಟ್ಟರು. ಬಾಗಿಲ ಬಳಿಯಿದ್ದ ಹಾರ್ನಿನಿಂದ ಗುಡ್ಡಗಾಡಿನ ಮೂವರು ನಡುಮಧ್ಯಾಹ್ನ ಸಂಶಿಯ ಬಜಾರಿಗೆ ಇಳಿದರು. ಚಹಾದಂಗಡಿಯವನು ಹೊರಗೆ ಬಂದು, ಯಾರ ಮನೆಯ ಕಾರ್ಯಕ್ರಮ ಎಂದು ವಿಚಾರಿಸಿದ. ನಾನು ರಸ್ತೆಯಲ್ಲಿ ನಿಂತಿದ್ದೆ. ಗಿಟಾರು ಇತ್ತು. ಒಂದಲ್ಲ, ಎರಡು. ಹಾಡುವವನು ಸಾಲು ಮುಗಿಸಿದ ಜಾಗದಲ್ಲಿ, ಖಾಲಿ ಎಂದು ನಾನು ಬರೆದಿದ್ದ ಅದೇ ಜಾಗದಲ್ಲಿ, ಅವು ಒಂದಕ್ಕೊಂದು ಮಾತಾಡುತ್ತಿದ್ದವು.

ಚಾಚಾ ಪೂರ್ತಿ ಕೇಳಿ, “ಬಾರ್ಸಾವ್ರು ಶಾಣ್ಯಾ ಅದಾರ. ಹಾಡಾವಗ ಒಂದೀಟು ಉಣ್ಣಾಕ ಹಾಕ್ಬೇಕು” ಎಂದರು.

ಈ ಕೆಲಸವನ್ನು ಫೋನಿನ ಸೆಟ್ಟಿಂಗಿನಲ್ಲಿ ಒಂದು ಗುಂಡಿ ಒತ್ತಿದರೂ ಆಗುತ್ತದೆಂದು ಆಮೇಲೆ ಗೊತ್ತಾಯಿತು. ಅವರಿಗೆ ಹೇಳಿದೆ. “ಅದು ಕೆಟ್ರ ಯಾರಿಗೆ ತೋರಸ್ತೀರಿ? ಇದು ಕೆಟ್ರ ಇಲ್ಲೇ ಬರ್ರಿ” ಎಂದರು. ನಾನು ಅವರ ವೈರನ್ನೇ ಬಳಸುತ್ತೇನೆ.

ಎಲ್ಲ ಮರಳಿ ಬಂತು ಎನ್ನಲಾರೆ. ಗಿಟಾರು ತಲೆಯ ಈ ಬದಿಯಿಂದ ಆ ಬದಿಗೆ ಓಡುವ ಸುಖ ಇನ್ನಿಲ್ಲ. ಈಗ ಎಲ್ಲವೂ ಒಂದೇ ಕಿಟಕಿಯಿಂದ ಬರುತ್ತವೆ, ಬರುತ್ತವಲ್ಲ, ಅದೇ ದೊಡ್ಡದು. ಬೈದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಮತ್ತೆ ಕೇಳಿದೆ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು ತನ್ನ ದನಿಯ ಮೇಲೆ ತನ್ನದೇ ದನಿ ಪೇರಿಸುವ ಹುಡುಗಿ, ಒಂಬತ್ತು ನಿಮಿಷದ ಹಾಡಿನಲ್ಲಿ ಆರು ನಿಮಿಷ ಬಾಯಿ ಬಿಡದ ಚಳಿದೇಶದ ಐವರು, ಗ್ಯಾರೇಜಿನ ತಗಡು ನಡುಗುವುದನ್ನೂ ರೆಕಾರ್ಡಿನಲ್ಲಿ ಬಿಟ್ಟ ಒರಟರು. ಈ ತಿಂಗಳು ಇವರೇ ನನ್ನ ಅಂಗಡಿ ನಡೆಸುತ್ತಿದ್ದಾರೆ. ಒಂದು ಬ್ಯಾಂಡು ಮಾತ್ರ ಎರಡೂ ಬದಿ ಕೂಡಿಸಿದರೂ ಬಡಕಲಾಗಿಯೇ ಉಳಿಯಿತು.

ನಿನ್ನೆ ಹೊಸ ಬ್ಯಾಂಡು ಇನ್ನೊಂದು ಸಿಕ್ಕಿತು. ಮೊದಲ ಸಲಕ್ಕೆ ಏನೂ ತಿಳಿಯಲಿಲ್ಲ. ನಾಳೆ ಸಂತೆ, ಗಿರಾಕಿ ಜಾಸ್ತಿ. ನಾಡಿದ್ದು ಮತ್ತೆ ಕೇಳಬೇಕು.