ಶನಿವಾರ ಬಂದ ಗಾಲ್ಫ್ ಕೋಲು

ತೊಂಬತ್ತರ ದಶಕದಲ್ಲಿ ನನ್ನ ಗಂಡ ಪಾಂಡವಪುರದ ಕಡೆ ಒಂದು ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ನಾವಿದ್ದದ್ದು ಪಾಲಹಳ್ಳಿಯಲ್ಲಿ, ಅತ್ತೆಯ ಮನೆಯಲ್ಲಿ, ಅತ್ತೆಯ ಕಣ್ಗಾವಲಿನಲ್ಲಿ. ನನಗೆ ಬೇಕಾಗಿದ್ದದ್ದು ಕಾರ್ಖಾನೆಯ ಕ್ವಾರ್ಟರ್ಸು. ಸಾರಿಗೆ ಹುಳಿ ಎಷ್ಟು ಬಿಡಬೇಕೆಂದು ನಾನೇ ತೀರ್ಮಾನಿಸುವ ಒಂದು ಅಡುಗೆಮನೆ ಸಿಕ್ಕರೆ ಸಾಕಿತ್ತು.

ಕ್ವಾರ್ಟರ್ಸು ಹಂಚುವವರು ಹೊಸ ಮ್ಯಾನೇಜರು. ಆ ಮಹಾನುಭಾವರು ಭಾನುವಾರ ಬಂದರೆ ಮೈಸೂರಿಗೆ ಹೋಗಿ ಗಾಲ್ಫ್ ಆಡುತ್ತಿದ್ದರು. ಜೊತೆಗೆ ಆಡಿದವರಿಗೆ ಮನೆ ಗ್ಯಾರಂಟಿ ಎಂದು ಆಫೀಸಿನಲ್ಲಿ ಸುದ್ದಿ. ಚಿನ್ನಿದಾಂಡು ಬಿಟ್ಟರೆ ಬೇರೇನೂ ಆಡದ ನಮ್ಮವರಿಗೆ ದಿಢೀರನೆ ಗಾಲ್ಫಿನ ಮೇಲೆ ಭಕ್ತಿ ಉಕ್ಕಿತು. ಮ್ಯಾನೇಜರು ತಮ್ಮ ಹಳೆಯ ಕೋಲುಗಳಲ್ಲಿ ಎರಡನ್ನು ಕೊಟ್ಟು, "ಬೀಸಿ ನೋಡಿ, ಕೈಗೆ ಒಗ್ಗಿದ್ದನ್ನು ನಾಳೆ ತನ್ನಿ" ಎಂದರಂತೆ. ಒಂದರ ಕಾವು ಸ್ಟೀಲು, ಇನ್ನೊಂದರದು ಗ್ರಾಫೈಟು. ಸ್ಟೀಲು ಭಾರ, ಚೆಂಡು ನೆಟ್ಟಗೆ ಹೋಗುತ್ತದೆ. ಗ್ರಾಫೈಟು ಹಗುರ, ಚೆಂಡು ದೂರ ಹೋಗುತ್ತದೆ. ಇಷ್ಟನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದರು.

ಬಂದದ್ದು ಶನಿವಾರ. ಅತ್ತೆ ಹೊಸ್ತಿಲಲ್ಲೇ ಅಡ್ಡ ನಿಂತರು.

"ಅದೇನ್ಲಾ ಅದು, ಕಬ್ಬಣ್ವಾ?"

"ಇದು ಸ್ಟೀಲು ಕಣವ್ವ. ಇದು ಗ್ರಾಫೈಟು, ಪೆನ್ಸಿಲ್ ಒಳಗೆ ಕಡ್ಡಿ ಇರ್ತದಲ್ಲ, ಆ ಜಾತಿ."

"ಶನಿವಾರ ಮನೆಗೆ ಕಬ್ಬಣ ತತ್ತಾರೇನ್ಲಾ? ಅದ್ನ ಮುಟ್ಬ್ಯಾಡ, ಆಚೆ ಮಡಗು. ಕಡ್ಡೀದು ಬೇಕಾರೆ ಒಳಿಕ್ಕೆ ತಗಂಡ್ ಬಾ."

ದೊಡ್ಡ ದೊಡ್ಡ ಆಟಗಾರರು ತಲೆ ಕೆಡಿಸಿಕೊಳ್ಳುವ ಪ್ರಶ್ನೆ ನಮ್ಮ ಹೊಸ್ತಿಲಲ್ಲಿ ನಿಂತ ನಿಲುವಿನಲ್ಲೇ ಇತ್ಯರ್ಥವಾಯಿತು. ಎರಡು ಕೋಲಿನ ತಲೆಯೂ ಲೋಹದ್ದೇ ಎಂದು ನನಗೆ ಕಾಣುತ್ತಿತ್ತು. ಕ್ವಾರ್ಟರ್ಸಿನ ಆಸೆಗೆ ಬಾಯಿ ಮುಚ್ಚಿಕೊಂಡೆ. ಸ್ಟೀಲಿನದು ಕೊಟ್ಟಿಗೆಯ ಗೋಡೆಗೆ ಒರಗಿತು. ನಮ್ಮವರು ಗ್ರಾಫೈಟು ಹಿಡಿದು ಹಿತ್ತಲಲ್ಲಿ ಒಂದು ನಿಂಬೆಹಣ್ಣಿಗೆ ಬೀಸಿದರು. ಹಣ್ಣು ಇದ್ದಲ್ಲೇ ಇತ್ತು, ಬದನೆ ಗಿಡ ಹೋಯಿತು.

ಭಾನುವಾರ ಮೈದಾನದಲ್ಲಿ ಮ್ಯಾನೇಜರು, "ಗ್ರಾಫೈಟೇ ಯಾಕೆ ಆರಿಸಿದಿರಿ?" ಎಂದು ಕೇಳಿದರಂತೆ. ಬಾಯಿಪಾಠವೆಲ್ಲ ಮರೆತುಹೋಗಿ ಇವರು, "ಶನಿವಾರ ಕಬ್ಬಣ ತಂದ್ರೆ ನಮ್ಮವ್ವ ಒಪ್ಪಕ್ಕಿಲ್ಲ ಸಾರ್" ಎಂದುಬಿಟ್ಟರು. ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು ನಕ್ಕು, ತಾಯಿಯ ಮಾತು ಮೀರದ ಮಗನೆಂದು ಮೆಚ್ಚಿ, ಕ್ವಾರ್ಟರ್ಸು ಕೊಟ್ಟೇಬಿಟ್ಟರು.

ನಾನು ಕುಣಿಯುವುದೊಂದೇ ಬಾಕಿ. ಪಾತ್ರೆಗಳನ್ನು ಮೂಟೆ ಕಟ್ಟುತ್ತಿದ್ದಾಗ ನಮ್ಮವರು ಮೆಲ್ಲಗೆ ಬಾಯಿ ಬಿಟ್ಟರು. "ಸಾಹೇಬ್ರು ದೊಡ್ಡ ಮನೇನೆ ಕೊಟ್ಟವ್ರೆ. ಅಂಥಾ ತಾಯಿನ ಬುಟ್ಬರಬ್ಯಾಡ, ಕರ್ಕಂಡೇ ಬಾ ಅಂದವ್ರೆ."

ನನಗೆ ದುಃಖ ತಡೆಯಲಾಗಲಿಲ್ಲ, ಅಲ್ಲೇ ಕೂತು ಅತ್ತುಬಿಟ್ಟೆ. ಊರು ಬಿಡುವ ಸಂಕಟವೆಂದುಕೊಂಡು ಅತ್ತೆ ಪಕ್ಕಕ್ಕೆ ಬಂದು ಬೆನ್ನು ಸವರಿದರು.

"ಅಳ್ಬ್ಯಾಡ ಕಣವ್ವ. ಜೊತೇಲಿ ನಾನಿರ್ತೀನಲ್ಲ."