ಕುದುರೆ ಬಿಟ್ಟು ಅಳೆದ ಟಾಂಗಾ

ನೆಟ್ಟಗಿನ ಗೆರೆ ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಭಕ್ತಿ. ಮದುವೆ ಮನೆಗೆ ಹೋದರೆ ಮದುಮಕ್ಕಳಿಗಿಂತ ಮೊದಲು ಬಾಗಿಲಲ್ಲಿ ಚೆಲ್ಲಾಡಿದ ಚಪ್ಪಲಿಗಳು ಕಣ್ಣಿಗೆ ಬೀಳುತ್ತವೆ. ಯಾರೂ ನೋಡದ ಹಾಗೆ ಕಾಲಿನಿಂದಲೇ ಅವನ್ನು ಜೋಡಿ ಮಾಡಿ ಸಾಲಿಗೆ ತರುತ್ತೇನೆ. ಒಮ್ಮೆ ತಿಕೋಟಾದಲ್ಲಿ ಹೀಗೆ ಮಾಡುತ್ತಿದ್ದಾಗ ಮದುಮಗಳ ಸೋದರಮಾವ ಹಿಂದಿನಿಂದ ಬಂದು, “ಯಾವ ಜೋಡ ಪಸಂದ ಬಂತ್ರಿ?” ಎಂದು ಕೇಳಿಬಿಟ್ಟ. ಅಂದು ಹೋಳಿಗೆ ಉಣ್ಣದೆಯೇ ಮನೆಗೆ ಬಂದೆ.

ಇಂಥ ಡ್ರಾಯಿಂಗ್ ಮಾಸ್ತರನ ಕೈಗೆ ಸ್ಟೇಷನ್ ರಸ್ತೆಯ ಒಂದು ಇಡೀ ಬಯಲು ಸಿಕ್ಕಿತು. ಎಪ್ಪತ್ತರ ದಶಕದ ಮಾತು. ವಿಜಾಪುರದಲ್ಲಿ ಸ್ವಂತ ಮೋಟಾರು ಇದ್ದವರು ಆಗ ಕೆಲವರೇ. ಅರಿವೆ ಅಂಗಡಿಯ ಸಾಹುಕಾರರೊಬ್ಬರು ಒಂದನ್ನು ಕೊಂಡರು. ಅವರ ಅಂಗಡಿ ಸಾಲಿನ ಮುಂದಿನ ಬಯಲಿನಲ್ಲಿ ಬಬಲೇಶ್ವರದಿಂದ ಬಂದ ಚಕ್ಕಡಿ, ಊರಿನ ಸೈಕಲ್ಲು ಎಲ್ಲ ಮನಸ್ಸು ಬಂದಲ್ಲಿ ನಿಲ್ಲುತ್ತಿದ್ದವು. ಹೊಸ ಮೋಟಾರಿಗೆ ಒಳಗೆ ಬರಲು ದಾರಿಯೇ ಇಲ್ಲ. ಶಾಲೆಯ ಓಟದ ಪಂದ್ಯಗಳಿಗೆ ವರ್ಷಾ ವರ್ಷ ಸುಣ್ಣದ ಪಟ್ಟಿ ಎಳೆಯುವವನು ನಾನೇ ಆದ್ದರಿಂದ ನನಗೆ ಕರೆ ಬಂತು.

“ಬೇವಿನ ಗಿಡದ ನೆರಳು ಮೋಟಾರಿಗೆ ಇರ್ಲಿ ಮಾಸ್ತರ. ಉಳಿದದ್ದು ನಿಮ್ಮ ಕೈಯಾಗ ಐತಿ. ನೋಡಿದವ್ರು ಹೌದೌದು ಅನ್ನಬೇಕು,” ಎಂದರು ಸಾಹುಕಾರರು.

ಆ ನೆರಳಿನಲ್ಲಿ ಆಗಲೇ ಇಬ್ಬರಿದ್ದರು: ಟಾಂಗಾ ಹೊಡೆಯುವ ಹುಸೇನಸಾಬರು ಮತ್ತು ಅವರ ಕುದುರೆ ಬಿಜಲಿ. ಬಿಜಲಿ ಎಂದರೆ ಮಿಂಚು; ಹೆಸರು ಮಿಂಚಿನದು, ವಯಸ್ಸು ಅಜ್ಜಿಯದು. ರೈಲಿಳಿದು ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗ ಅದು. ಅಲ್ಲಿ ನಿಂತರೆ ಸವಾರಿ, ಸವಾರಿ ಸಿಕ್ಕರೆ ಹುಸೇನಸಾಬರ ಮನೆಯಲ್ಲಿ ರೊಟ್ಟಿ. ಇದು ನನಗೂ ಗೊತ್ತಿತ್ತು, ಆದರೆ ಗೊತ್ತಿದ್ದದ್ದೆಲ್ಲ ನಕ್ಷೆಯ ಮೇಲೆ ಬರುವುದಿಲ್ಲ.

ನಾನು ಟೇಪು ಹಿಡಿದು ಹೋದದ್ದು ಮಟಮಟ ಮಧ್ಯಾಹ್ನ. ಚಕ್ಕಡಿಯವರು ಎತ್ತುಗಳನ್ನು ನೊಗದಿಂದ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗಿದ್ದರು. ಬಿಜಲಿಯೂ ಟಾಂಗಾ ಬಿಟ್ಟು ನೀರು ಕುಡಿಯಲು ಹೋಗಿದ್ದಳು. ಕಂಡದ್ದನ್ನೆಲ್ಲ ಅಂಗುಲ ಬಿಡದೆ ಅಳೆದೆ. ಬೇವಿನ ಕೆಳಗೆ ಮೋಟಾರು, ನಡುವೆ ಚಕ್ಕಡಿ, ಆಮೇಲೆ ಸೈಕಲ್ಲಿನ ಸಾಲು, ಹಿಂದಿನ ಗೋಡೆಗೆ ಒತ್ತಿ ಟಾಂಗಾ. ನಕ್ಷೆ ನೋಡಿ ನನಗೇ ದೃಷ್ಟಿ ತೆಗೆಯಬೇಕೆನಿಸಿತು.

ನಮ್ಮ ಮನೆಯವಳಿಗೆ ಮಾತ್ರ ಏನೂ ಅನಿಸಲಿಲ್ಲ. “ಗೆರಿ ಎಳಿಯೂದು ಏನ್ ದೊಡ್ಡದ್ರಿ? ಯಾರು ಎಲ್ಲಿ ಕಾಲಿಡ್ತಾರ ನೋಡಿ ಎಳೀಬೇಕು,” ಎಂದಳು. ಅವಳ ರಂಗೋಲಿಯಲ್ಲಿ ಹಾಲಿನವನ ಹೆಜ್ಜೆಗೆಂದು ದಿನವೂ ಒಂದು ಮೂಲೆ ಖಾಲಿ ಇರುತ್ತದೆ. ಹೆಂಡತಿಯ ಮಾತನ್ನು ಕೇಳದಿರುವುದು ಸುಶಿಕ್ಷಿತರ ಲಕ್ಷಣವೆಂದು ನಾನು ಆಗ ನಂಬಿದ್ದೆ.

ಸುಣ್ಣ ಬಿದ್ದ ಮರುದಿನವೇ ನನ್ನ ವಿದ್ಯೆ ಬಯಲಿಗೆ ಬಂತು. ಚಕ್ಕಡಿಗಳು ಪಟ್ಟಿಯೊಳಗೆ ಅಚ್ಚುಕಟ್ಟಾಗಿ ಕೂತವು, ಎತ್ತುಗಳು ಮೋಟಾರಿನ ದಾರಿಯಲ್ಲಿ ಮೆಲುಕಾಡುತ್ತ ಮಲಗಿದವು. ಹುಸೇನಸಾಬರು ಟಾಂಗಾವನ್ನು ಗೋಡೆಗೆ ಹಿಮ್ಮೆಟ್ಟಿಸಿ ನಿಲ್ಲಿಸಿದರೆ ಗಾಲಿಗಳು ಗೆರೆಯೊಳಗೆ, ಬಿಜಲಿ ಪೂರ್ತಿಯಾಗಿ ಸೈಕಲ್ಲುಗಳೊಳಗೆ. ಸಂಜೆಯೊಳಗೆ ಗೆರೆಗಳನ್ನೆಲ್ಲ ಜನ ತುಳಿದು ಹಿಟ್ಟು ಮಾಡಿದ್ದರು.

“ನಾ ನೀವು ಹೇಳಿದಲ್ಲೇ ನಿಲ್ತೀನ್ರಿ,” ಎಂದರು ಹುಸೇನಸಾಬರು. “ಆದ್ರ ಈ ಮೂಲ್ಯಾಗ ನಿಂತ್ರ ಸವಾರಿ ನನ್ನ ಹುಡಿಕ್ಕೋತ ಬರ್ತಾವೇನ್ರಿ?”

ಬರಲಿಲ್ಲ. ಮೂರನೆಯ ದಿನ ನಾನು ನೋಡಿದಾಗ ಅವರು ತಮ್ಮ ತಲೆಯ ವಸ್ತ್ರ ಬಿಚ್ಚಿ ಬಿಜಲಿಯ ತಲೆಯ ಮೇಲೆ ಹಾಸಿ, ತಾವು ಬರಿತಲೆಯಲ್ಲಿ ಬಿಸಿಲಿಗೆ ನಿಂತಿದ್ದರು. ಬೇವಿನ ಕೆಳಗೆ ಮೋಟಾರು ತಣ್ಣಗಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು.

ನಮ್ಮೂರಿನ ಕೋಟೆಯ ಮೇಲಿನ ಮಲಿಕ್-ಎ-ಮೈದಾನ್ ತೋಪು ನೂರಾರು ವರ್ಷಗಳಿಂದ ಒಂದೇ ಕಡೆ ನಿಂತಿದೆ. ‘ಆ ಕಡೆ ಸರಿ’ ಎಂದು ಅದಕ್ಕೆ ಹೇಳುವ ಧೈರ್ಯ ಯಾರಿಗೂ ಬಂದಿಲ್ಲ. ನಾವು ಸರಿಸುವುದು ಸರಿಯುವವರನ್ನೇ. ಈ ತತ್ವ ಹೊಳೆದ ಮೇಲೆ ಶಾಲೆಗೆ ಹೋಗುವ ಬದಲು ನೆಟ್ಟಗೆ ಅಂಗಡಿಗೆ ಹೋದೆ.

“ಸಾಹುಕಾರ್ರ, ನಕ್ಷೆ ತಪ್ಪೈತ್ರಿ. ನಾ ಕುದುರಿ ಮರ್ತೀನಿ.”

ಅವರು ಕನ್ನಡಕ ಏರಿಸಿ ಕಾಗದ ನೋಡಿದರು. “ಇಷ್ಟು ಚಂದ ತೆಗದು ಕುದುರಿ ಮರ್ತೀರಿ? ಈಗ ನನ್ನ ಮೋಟಾರ ಎಲ್ಲಿ ನಿಲ್ಬೇಕ್ರಿ?”

“ಗ್ವಾಡಿ ಹತ್ರ ನಿಲ್ಲಲ್ರಿ. ಅದಕ್ಕ ನೀರಡಿಕಿ ಆಗೂದಿಲ್ಲ, ಸವಾರೀನೂ ಬೇಕಾಗಿಲ್ಲ. ಬಿಸಲಿಗೆ ಒಂದ್ ಮುಸುಕು ಹೊಲಿಸ್ರಿ, ನಿಮ್ಮ ಅಂಗಡ್ಯಾಗ ಅರಿವಿಗೇನು ಬರಾ?”

ಸಾಹುಕಾರರು ಕಾಗದ ಕೆಳಗಿಟ್ಟು ಬಾಗಿಲಾಚೆ ನೋಡಿದರು. ಬರಿತಲೆಯ ಹುಸೇನಸಾಬರು ಅಲ್ಲಿಂದ ಕಾಣುತ್ತಿದ್ದರು. ಆಮೇಲೆ ದರ್ಜಿಯನ್ನು ಕರೆದು ಹೇಳಿದರು: “ಮೋಟಾರಿಗೆ ಒಂದು ಮುಸುಕು ಹೊಲಿ. ಮೂತಿ ಸುದ್ದಾ ಅಳಿ ಮತ್ತ, ಮಾಸ್ತರಂಗ ಬಿಡಬ್ಯಾಡ!” ಇಡೀ ಅಂಗಡಿ ನಕ್ಕಿತು. ಅಷ್ಟು ಸುಖವಾಗಿ ನಾನು ಎಂದೂ ನಗೆಪಾಟಲಾಗಿರಲಿಲ್ಲ.

ಎರಡನೆಯ ಸಲ ನಾನು ನಕ್ಷೆ ಒಯ್ಯಲಿಲ್ಲ. ಎತ್ತುಗಳು ಮಲಗಿದ ಮೇಲೆ ಅವುಗಳ ಸುತ್ತ ಗೆರೆ ಎಳೆದೆ. ಸೈಕಲ್ಲುಗಳಿಗೆ ಮಾತ್ರ ಚಟ ಬಿಡದೆ ದಾರ ಹಿಡಿದು ನೆಟ್ಟಗಿನ ಗೆರೆಗಳನ್ನೇ ಎಳೆದೆ. ಕೊನೆಗೆ, “ನೀವು ಹೋಗಿ ನಿಲ್ರಿ,” ಎಂದೆ ಹುಸೇನಸಾಬರಿಗೆ. ಅವರು ಲಗಾಮು ಸಡಿಲ ಬಿಟ್ಟರು. ಬಿಜಲಿ ತಾನಾಗಿಯೇ ನಡೆದು ಬೇವಿನ ಕೆಳಗೆ ನಿಂತು ಕಣ್ಣು ಮುಚ್ಚಿದಳು. ನಾನು ಸುಣ್ಣ ಬಿಡುತ್ತ ಅವಳನ್ನು ಸುತ್ತು ಹಾಕುವಾಗ ನೊಣಕ್ಕೆಂದು ಕಾಲು ಜಾಡಿಸಿದಳು, ನಾನು ಹಾರಿದೆ, ಗೆರೆ ಹಾವಿನಂತೆ ಡೊಂಕಾಯಿತು. ಅಳಿಸಲು ಹೋದವನನ್ನು ಹುಸೇನಸಾಬರು ತಡೆದರು.

“ಇರ್ಲಿ ಬಿಡ್ರಿ ಮಾಸ್ತರ. ಅಷ್ಟು ಆಕಿದೂ ಕೈ ಇರ್ಲಿ.”

ವಾರ ಕಳೆದು ನೋಡಿದೆ. ನಾನು ದಾರ ಹಿಡಿದು ಎಳೆದ ನೆಟ್ಟಗಿನ ಗೆರೆಗಳು ಆ ಬಯಲಿನಲ್ಲಿ ಇನ್ನೂ ಒಂದೆರಡು ಇದ್ದವು, ಜನ ಅವನ್ನು ಅರ್ಧ ತುಳಿದಿದ್ದರು. ಬೇವಿನ ಕೆಳಗಿನ ಡೊಂಕು ಗೆರೆಯನ್ನು ಮಾತ್ರ ಯಾರೂ ಮೆಟ್ಟಿರಲಿಲ್ಲ.